ಬಾವಿ ಕೇಳಬೇಕಿದ್ದ ಪ್ರತಿನಿಧಿ

ಅಬುಧಾಬಿಯ ಖಲೀಫಾ ಸಿಟಿಯಲ್ಲಿ ನಾವಿರುವ ವಿಲ್ಲಾದ ಕೆಳಗಿನ ಪಾಲಿಗೆ ಹೋದ ತಿಂಗಳು ಹೊಸ ಸಂಸಾರವೊಂದು ಬಂದಿದೆ. ಹೆಂಡತಿ ರೆನಿಟಾ ಶಿರ್ವದ ಕಡೆಯವಳು, ಇಲ್ಲಿಯ ಒಂದು ಶಾಲೆಯಲ್ಲಿ ಸಮಾಜವಿಜ್ಞಾನದ ಟೀಚರಾಗಿ ಸೇರಿದ್ದಾಳೆ. ಮೊದಲ ವಾರ ಮುಗಿಸಿ ಬಂದವಳು ಬ್ಯಾಗನ್ನೂ ಇಳಿಸದೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. "ಆಂಟಿ, ಇಷ್ಟು ವರ್ಷ ಇದನ್ನು ಹೇಗೆ ಮಾಡಿದ್ರಿ ಮಾರಾಯ್ರೆ?" ಎಂದಳು. ನಾನು ಉತ್ತರ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳ ಮಗು ಎದ್ದು ಅತ್ತಿತು. ಅವಳು ಒಳಗೆ ಓಡಿದಳು. ಉತ್ತರ ನನ್ನ ಬಾಯಲ್ಲೇ ಉಳಿಯಿತು. ಅದನ್ನೇ ಈಗ ಬರೆಯುತ್ತಿದ್ದೇನೆ.

ನಾನು ಐರಿನ್. ಅಬುಧಾಬಿಯ ಒಂದು ಭಾರತೀಯ ಶಾಲೆಯ ಹುಡುಗಿಯರ ವಿಭಾಗದಲ್ಲಿ ಇತಿಹಾಸ, ಭೂಗೋಳ ಕಲಿಸಿ ಅರವತ್ತಕ್ಕೆ ನಿವೃತ್ತಳಾದವಳು. ಈಗ ಮಗಳ ವೀಸಾದ ಮೇಲೆ ಇಲ್ಲಿಯೇ ಇದ್ದೇನೆ. ಯಾವ ವರ್ಷ ಸೀನಿಯರ್ ಟೀಚರಾದೆ, ಯಾರು ಹಾರ ಹಾಕಿದರು ಎಂಬುದೆಲ್ಲ ಫೋಟೋಗಳಲ್ಲಿದೆ. ಅದು ರೆನಿಟಾಳಿಗೆ ಬೇಕಾಗಿಲ್ಲ. ಅವಳಿಗೆ ಬೇಕಾದದ್ದು ನನ್ನ ತಪ್ಪುಗಳು. ಅವು ಬೇಕಾದಷ್ಟಿವೆ.

ಮೊದಲನೆಯದು ಸೇರಿದ ಎರಡನೇ ವಾರದಲ್ಲೇ ಆಯಿತು. ಏಳನೇ ಕ್ಲಾಸಿಗೆ ಪಶ್ಚಿಮ ಏಷ್ಯಾದ ನಕ್ಷೆ ಬಿಡಿಸುತ್ತಿದ್ದೆ. ಊರಿನಲ್ಲಿ ಕಲಿತ ಹಾಗೆ, ನಮ್ಮ ಪಕ್ಕದ ಈ ಸಮುದ್ರದ ಮೇಲೆ ದೊಡ್ಡ ಅಕ್ಷರದಲ್ಲಿ 'ಪರ್ಷಿಯನ್ ಗಲ್ಫ್' ಎಂದು ಬರೆದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅದೇ ಹೊತ್ತಿಗೆ ಬಾಗಿಲಲ್ಲಿ ನಮ್ಮ ಸೂಪರ್‌ವೈಸರ್ ಮಿಸೆಸ್ ಕುರಿಯನ್ ಕಾಣಿಸಿಕೊಂಡರು. ಕೊಟ್ಟಾಯಂ ಕಡೆಯವರು, ಗಂಜಿ ಹಾಕಿದ ಕಾಟನ್ ಸೀರೆ, ಸಣ್ಣ ದನಿ. ಅವರ ದನಿ ಎಷ್ಟು ಸಣ್ಣದಾಗುತ್ತದೋ ನಾವು ಅಷ್ಟು ಹೆದರಬೇಕೆಂದು ಸ್ಟಾಫ್‌ರೂಮಿನಲ್ಲಿ ಆಗಲೇ ಹೇಳಿಕೊಟ್ಟಿದ್ದರು. ಅವರು ಒಳಗೆ ಬಂದು ಮೊದಲ ಪದವನ್ನು ಮಾತ್ರ ಒರೆಸಿ 'ಅರೇಬಿಯನ್' ಎಂದು ಬರೆದರು. ಆಮೇಲೆ ಮಕ್ಕಳ ಕಡೆ ತಿರುಗಿ, "ನಿಮ್ಮ ಮಿಸ್ ನೀವು ನೋಡುತ್ತೀರೋ ಇಲ್ಲವೋ ಎಂದು ಪರೀಕ್ಷೆ ಮಾಡಿದರು. ಒಬ್ಬರೂ ಕೈ ಎತ್ತಲಿಲ್ಲ" ಎಂದರು. ಮಕ್ಕಳು ನಾಚಿದರು. ನನ್ನ ಮರ್ಯಾದೆ ಉಳಿಯಿತು. ಹೊರಗೆ ಬಂದ ಮೇಲೆ ಮಾತ್ರ, ಬಹಳ ಸಣ್ಣ ದನಿಯಲ್ಲಿ, "ಐರಿನ್, ಇರುವ ಮನೆಯವರು ತಮ್ಮ ಅಂಗಳವನ್ನು ಏನೆಂದು ಕರೆಯುತ್ತಾರೆಂದು ಮೊದಲು ಕೇಳಿಕೊಳ್ಳಬೇಕು" ಎಂದರು. ಆ ವರ್ಷ ಊರಿಂದ ಬಂದ ಪಠ್ಯಪುಸ್ತಕಗಳಲ್ಲೆಲ್ಲ ಆ ಪದದ ಮೇಲೆ ಚೀಟಿ ಅಂಟಿಸುವ ಕೆಲಸವನ್ನು ನಾನೇ ಕೇಳಿ ತೆಗೆದುಕೊಂಡೆ.

ಮೊದಲು ಚಾಕ್‌ಪೀಸ್ ಇತ್ತು. ಆಮೇಲೆ ಮಾರ್ಕರ್ ಬಂತು, ಆಮೇಲೆ ಮುಟ್ಟಿದರೆ ಬೆಳಗುವ ಬೋರ್ಡು. ಬೋರ್ಡು ಬದಲಾದಾಗೆಲ್ಲ ನಾವು ಒಂದು ತಿಂಗಳು ದಡ್ಡರಾಗುತ್ತಿದ್ದೆವು, ಮಕ್ಕಳು ನಮಗೆ ಕಲಿಸುತ್ತಿದ್ದರು. ನಿಜವಾಗಿ ನನ್ನನ್ನು ಅಲ್ಲಾಡಿಸಿದ್ದು ಬೋರ್ಡಲ್ಲ, ಇನ್‌ಸ್ಪೆಕ್ಷನ್. ಹಿಂದಿನ ಬೆಂಚಿನಲ್ಲಿ ಕೂತ ಅಧಿಕಾರಿಗಳು ಟೀಚರ್ ಎಷ್ಟು ಚೆನ್ನಾಗಿ ಮಾತಾಡಿದಳು ಎಂದು ಬರೆಯುವುದನ್ನು ನಿಲ್ಲಿಸಿ, ಮಕ್ಕಳು ಎಷ್ಟು ಹೊತ್ತು ಮಾತಾಡಿದರು ಎಂದು ಬರೆಯಲು ಶುರು ಮಾಡಿದರು. ಇಪ್ಪತ್ತು ವರ್ಷ ಒಬ್ಬಳೇ ಮಾತಾಡಿ ಅಭ್ಯಾಸವಾದವಳಿಗೆ ಅದು ಸುಲಭವಲ್ಲ. ನಾನು ಬಾಯಿ ಮುಚ್ಚಲು ಕಲಿತದ್ದು ಐವತ್ತರ ಮೇಲೆ, ಎಂಟನೇ ಕ್ಲಾಸಿನ ಒಬ್ಬ ಹುಡುಗಿಯಿಂದ. ಉಳಿದದ್ದೆಲ್ಲ ಅವಳ ಕಥೆಯೇ.

ಕೊರೊನಾಕ್ಕೆ ಎರಡು ವರ್ಷ ಮೊದಲಿನ ಮಾತು. ವಾರ್ಷಿಕ ಪ್ರದರ್ಶನಕ್ಕೆ ಪ್ರತಿ ಕ್ಲಾಸೂ ಒಂದು ದೃಶ್ಯ ಮಾಡಬೇಕಿತ್ತು. ಎಲ್ಲರೂ ವಿಶ್ವಸಂಸ್ಥೆಯನ್ನೇ ಆರಿಸುತ್ತಿದ್ದರು. ಬಾವುಟಗಳು ಸಿದ್ಧವಾಗಿ ಸ್ಟೋರಿನಲ್ಲಿದ್ದವು. ನನಗೆ ಬೇಸರ ಬಂದಿತ್ತು. ಮೈಸೂರಿನಲ್ಲಿ ಎಂ.ಎ. ಓದುವಾಗ ಬರೆದುಕೊಂಡ ಟಿಪ್ಪಣಿ ನೆನಪಾಯಿತು. ಹತ್ತೊಂಬತ್ತನೇ ಶತಮಾನದಲ್ಲಿ, ಮೈಸೂರು ಸಂಸ್ಥಾನದಲ್ಲಿ, ಮೊದಲ ಸಲ ತಾಲ್ಲೂಕು ತಾಲ್ಲೂಕಿನಿಂದ ರೈತರನ್ನೂ ವರ್ತಕರನ್ನೂ ದಸರೆಯ ಹೊತ್ತಿಗೆ ಕರೆಸಿ ಒಂದು ಸಭೆ ಸೇರಿಸಿದರು. ದಿವಾನರು ಎದ್ದು ನಿಂತು, ಸರ್ಕಾರ ಏನು ಮಾಡಿದೆ, ಮುಂದೆ ಏನು ಮಾಡಬೇಕೆಂದಿದೆ ಎಂದು ಓದಿ ಹೇಳಿದರು. ಬಂದವರಿಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ, ಮತ ಹಾಕುವಂತಿರಲಿಲ್ಲ. ತಮ್ಮ ಊರಿನ ಕಷ್ಟವನ್ನು ಹೇಳಿಕೊಳ್ಳಬಹುದಿತ್ತು, ಅಷ್ಟೆ. ಆದರೆ ಅಷ್ಟೂ ಅದಕ್ಕೆ ಮೊದಲು ಇರಲಿಲ್ಲ. ಆ ಅಧಿವೇಶನ ಶುರುವಾದ ದಿನವನ್ನೇ ನಮ್ಮ ಮಕ್ಕಳಿಂದ ಮಾಡಿಸೋಣ ಎಂದುಕೊಂಡೆ.

ದಿವಾನರ ಪಾತ್ರಕ್ಕೆ ಅನನ್ಯಾಳನ್ನು ಆರಿಸಿದೆ. ಪುಣೆಯ ಹುಡುಗಿ, ಇಂಗ್ಲಿಷ್ ನೀರು ಕುಡಿದ ಹಾಗೆ. ಭಾಷಣವನ್ನು ನಾನೇ ಬರೆದುಕೊಟ್ಟೆ. ಉಳಿದ ಇಪ್ಪತ್ತೆಂಟು ಹುಡುಗಿಯರಿಗೆ ರುಮಾಲು ಸುತ್ತಿ ಪ್ರತಿನಿಧಿಗಳೆಂದು ಸಾಲಾಗಿ ಕೂರಿಸುವುದು ನನ್ನ ಯೋಜನೆ. ದಿವಾನರು ಬಂದಾಗ ಅವರು ಏಳಬೇಕು, ಕೂತಾಗ ಕೂರಬೇಕು, ಕೊನೆಗೆ ಕೈಮುಗಿಯಬೇಕು.

ಎರಡನೇ ಅಭ್ಯಾಸದ ದಿನ ಕೊನೆಯ ಸಾಲಿನಿಂದ ಒಂದು ಕೈ ಮೇಲಕ್ಕೆ ಬಂತು. ಅದು ನಫೀಸಾಳ ಕೈ. ನಮ್ಮ ಬಂಟ್ವಾಳ ಕಡೆಯ ಬ್ಯಾರಿ ಹುಡುಗಿ. ತಂದೆ ಇಬ್ರಾಹಿಂ ಹಮ್ದಾನ್ ಸ್ಟ್ರೀಟಿನ ಒಂದು ಬಟ್ಟೆ ಅಂಗಡಿಯಲ್ಲಿ ಸೇಲ್ಸ್‌ಮ್ಯಾನ್. ಕರೆದರೆ ಮಾತ್ರ ಮಾತಾಡುವ ಮಗು. ನಾನು ಕನ್ನಡದಲ್ಲಿ ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು.

"ಮಿಸ್, ನಾವು ಏನು ಹೇಳಬೇಕು?"

"ನೀವು ಏನೂ ಹೇಳುವುದು ಬೇಡಮ್ಮ. ಕೇಳಿಸಿಕೊಳ್ಳಬೇಕು."

"ಅಷ್ಟು ದೂರದಿಂದ ಎತ್ತಿನ ಗಾಡಿಯಲ್ಲಿ ಬಂದದ್ದು ಬರೀ ಕೇಳಿಸಿಕೊಳ್ಳಲಿಕ್ಕಾ, ಮಿಸ್?"

ಅವಳು ವಾದಕ್ಕೆ ಕೇಳಿದ್ದಲ್ಲ, ತಿಳಿಯಲಿಲ್ಲವೆಂದು ಕೇಳಿದ್ದು. ಆ ರಾತ್ರಿ ಟಿಪ್ಪಣಿ ತೆರೆದು ನೋಡಿದರೆ ದಿವಾನರ ಮಾತಿನ ಬಗ್ಗೆ ನಾಲ್ಕು ಪುಟ ಬರೆದುಕೊಂಡಿದ್ದೆ. ಬಂದವರು ಏನು ಹೇಳಿದರು ಎಂಬುದಕ್ಕೆ ಒಂದೇ ಒಂದು ಸಾಲು: 'ಪ್ರತಿನಿಧಿಗಳು ಅಹವಾಲು ಸಲ್ಲಿಸಿದರು.' ಇಪ್ಪತ್ತೈದು ವರ್ಷ ಅದೇ ಒಂದು ಸಾಲನ್ನು ಮಕ್ಕಳಿಗೂ ಬರೆಸಿದ್ದೆ.

ಮರುದಿನ ಹೋಮ್‌ವರ್ಕ್ ಕೊಟ್ಟೆ. ಪ್ರತಿಯೊಬ್ಬಳೂ ಒಂದು ತಾಲ್ಲೂಕಿನ ಪ್ರತಿನಿಧಿ. ಮನೆಯಲ್ಲಿ ಎಲ್ಲರನ್ನೂ ಕೇಳಿ, ದಿವಾನರ ಎದುರು ಹೇಳಬೇಕಾದ ಒಂದು ಅಹವಾಲು ಬರೆದು ತರಬೇಕು. ಕಾರು, ಫೋನು, ಎಸಿ ಬರುವಂತಿಲ್ಲ. ಆ ಕಾಲದ ಮಾತಾಗಿರಬೇಕು.

ಬಂದ ಕಾಗದಗಳನ್ನು ಓದಿ ನಾನು ನಕ್ಕದ್ದೆಷ್ಟು! ಒಬ್ಬಳ ಕಟ್ಟಡದ ಲಿಫ್ಟು ತಿಂಗಳಿಂದ ಕೆಟ್ಟಿತ್ತು. ಅವಳು 'ನಮ್ಮ ಊರು ಹದಿನಾಲ್ಕು ಬೆಟ್ಟದ ಮೇಲಿದೆ, ನಮ್ಮ ಅಜ್ಜಿಗೆ ಡೋಲಿ ಕೊಡಿಸಿ' ಎಂದು ಬರೆದಿದ್ದಳು. ಇನ್ನೊಬ್ಬಳು ತನ್ನ ತಮ್ಮನನ್ನು ಬೇರೆ ಸಂಸ್ಥಾನಕ್ಕೆ ಕಳಿಸಬೇಕೆಂದು ಪ್ರಾರ್ಥಿಸಿದ್ದಳು. ಕೆಲವರು ಕೆರೆ ಕೇಳಿದ್ದರು, ಕೆಲವರು ಶಾಲೆ.

ನಫೀಸಾಳ ಕಾಗದ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ಹೇಳುವುದಾದರೆ ಹೀಗೆ: 'ನಮ್ಮ ತಾಲ್ಲೂಕಿನ ಅಮ್ಮಂದಿರು ದೂರದ ಊರಿಗೆ ಕಾಯಿಲೆಯವರನ್ನು ನೋಡಿಕೊಳ್ಳಲು ಹೋಗುತ್ತಾರೆ. ಅದು ಒಳ್ಳೆಯ ಕೆಲಸ, ಆದ್ದರಿಂದ ಹೋಗಬೇಡಿ ಎನ್ನುವ ಹಾಗಿಲ್ಲ. ವಾರಕ್ಕೊಮ್ಮೆ ಗಾಡಿಯಲ್ಲಿ ಬರುತ್ತಾರೆ. ಬಂದಾಗ ತುಂಬ ಸುಸ್ತಾಗಿರುತ್ತಾರೆ, ಮಲಗುತ್ತಾರೆ. ನಾವು ಸದ್ದು ಮಾಡುವುದಿಲ್ಲ. ಅವರು ಎದ್ದಾಗ ಗಾಡಿ ಹೊರಡುವ ಹೊತ್ತಾಗಿರುತ್ತದೆ. ದಿವಾನರು ನಮಗೆ ರಸ್ತೆ ಮಾಡಿಸಿಕೊಡುವುದು ಬೇಡ. ರಸ್ತೆ ಚೆನ್ನಾಗಿದೆ. ಗಾಡಿ ಹೊರಡುವ ಹೊತ್ತನ್ನು ಸ್ವಲ್ಪ ತಡ ಮಾಡಿಸಿದರೆ ಸಾಕು.'

ಅವಳ ತಾಯಿ ಅಲ್ ಐನ್‌ನ ಆಸ್ಪತ್ರೆಯೊಂದರಲ್ಲಿ ನರ್ಸ್ ಎಂದು ನನಗೆ ಗೊತ್ತಿತ್ತು. ಎರಡು ಗಂಟೆಯ ದಾರಿ. ಅಲ್ಲಿ ಡ್ಯೂಟಿ ಹಗಲೂ ರಾತ್ರಿ ಬದಲಾಗುತ್ತಿದ್ದುದರಿಂದ ಆಸ್ಪತ್ರೆಯ ಕ್ವಾರ್ಟರ್ಸಿನಲ್ಲೇ ಇರುತ್ತಿದ್ದರು; ತಂದೆ ಮಗಳು ಇಲ್ಲಿ ಶೇರಿಂಗ್ ಫ್ಲಾಟಿನಲ್ಲಿ. ಇಂಥ ಸಂಸಾರಗಳು ಇಲ್ಲಿ ಎಷ್ಟೋ. ನಾವು ಅದನ್ನು ಕಷ್ಟವೆಂದು ಲೆಕ್ಕಕ್ಕೇ ಹಿಡಿಯುತ್ತಿರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ರೆನಿಟಾ, ಇದನ್ನು ಸರಿಯಾಗಿ ಓದು. ಆ ಕಾಗದ ನನಗೆ ಎಷ್ಟು ಹಿಡಿಸಿತೆಂದರೆ, ಮರುದಿನ ಕ್ಲಾಸಿಗೆ ಹೋದವಳೇ, "ಅಹವಾಲು ಹೇಗಿರಬೇಕೆಂದು ಕೇಳಿ" ಎಂದು ಅವಳ ಹೆಸರು ಹೇಳಿ ಗಟ್ಟಿಯಾಗಿ ಓದಿಬಿಟ್ಟೆ. ಹೊಗಳುತ್ತಿದ್ದೇನೆ ಎಂದೇ ತಿಳಿದಿದ್ದೆ. ಓದಿ ಮುಗಿಸಿ ತಲೆ ಎತ್ತಿದಾಗ ಇಡೀ ಕ್ಲಾಸು ತಿರುಗಿ ಅವಳನ್ನೇ ನೋಡುತ್ತಿತ್ತು. ಒಬ್ಬಳು ಪಾಪವೆಂಬ ದನಿಯಲ್ಲಿ, "ನಿನ್ನ ಮಮ್ಮಿ ನಿಮ್ಮ ಜೊತೆ ಇರೋದಿಲ್ವಾ?" ಎಂದು ಕೇಳಿದಳು. ನಫೀಸಾ ಪುಸ್ತಕ ಮುಚ್ಚಿದಳು, ಟಾಯ್ಲೆಟ್‌ಗೆ ಹೋಗಲು ಅನುಮತಿ ಕೇಳಿದಳು, ಪೀರಿಯಡ್ ಮುಗಿಯುವ ತನಕ ಬರಲಿಲ್ಲ.

ಮರುದಿನ ನನ್ನ ಮೇಜಿನ ಮೇಲೆ ಅವಳ ಹೊಸ ಕಾಗದವಿತ್ತು. 'ನಮ್ಮ ತಾಲ್ಲೂಕಿಗೆ ಒಂದು ಬಾವಿ ಬೇಕು. ನೀರಿಗೆ ತೊಂದರೆಯಾಗಿದೆ.' ಅಷ್ಟೇ.

ಆ ದಿನ ಸಂಜೆ ನಾನು ಹಮ್ದಾನ್ ಸ್ಟ್ರೀಟಿಗೆ ಹೋದೆ. ಹೋಗುವಾಗ ಆ ಮೊದಲ ಕಾಗದ ನನ್ನ ಬ್ಯಾಗಿನಲ್ಲಿತ್ತು. ಇಬ್ರಾಹಿಂ ಗಿರಾಕಿಯೊಬ್ಬರಿಗೆ ಬಟ್ಟೆ ಬಿಚ್ಚಿ ತೋರಿಸುತ್ತಿದ್ದವರು ನನ್ನನ್ನು ಕಂಡು ಗಾಬರಿಯಾದರು.

"ಟೀಚರೇ, ಎಂತ ಆಯ್ತು? ಮಗಳು ಸೌಖ್ಯ ಉಂಟಲ್ಲ?"

"ಅವಳು ಸರಿ ಇದ್ದಾಳೆ. ತಪ್ಪು ನನ್ನಿಂದ ಆದದ್ದು. ಅದನ್ನು ಹೇಳಲಿಕ್ಕೆ ಬಂದೆ."

ಅವರು ಒಂದು ಸ್ಟೂಲು ಎಳೆದು ಕೂರಿಸಿದರು, ಚಾಯ ತರಿಸಿದರು. ನಾನು ನಡೆದದ್ದನ್ನು ಹೇಳಿದೆ. ಮಗಳು ಮನೆಯ ವಿಷಯ ಬರೆದಿದ್ದಳು, ನಾನು ಅವಳನ್ನು ಕೇಳದೆ ಎಲ್ಲರೆದುರು ಓದಿದೆ, ಅವಳಿಗೆ ನೋವಾಗಿದೆ ಎಂದೆ. ಇಬ್ರಾಹಿಂ ಕೈಯಲ್ಲಿದ್ದ ಬಟ್ಟೆಯನ್ನು ಮಡಚುತ್ತ ಮಡಚುತ್ತ ಕೇಳಿಸಿಕೊಂಡರು. ಆಮೇಲೆ ಹೇಳಿದರು:

"ಮನೆಯಲ್ಲಿ ಅವಳು ಎಂತದೂ ಹೇಳ್ಲಿಲ್ಲ ಟೀಚರೇ. ಅವಳು ಯಾವತ್ತೂ ಹೇಳುದಿಲ್ಲ. ಉಮ್ಮ ಫೋನ್ ಮಾಡಿದ್ರೆ 'ಐ ಆಮ್ ಫೈನ್, ಐ ಆಮ್ ಫೈನ್', ಖಲಾಸ್. ನಾವು ಅಂದುಕೊಂಡದ್ದು, ಹುಡುಗಿ ಗಟ್ಟಿ ಉಂಟು ಅಂತ." ಬಟ್ಟೆಯನ್ನು ಪಕ್ಕಕ್ಕಿಟ್ಟು, "ಅದರಲ್ಲಿ ಎಂತ ಬರೆದಿದ್ಳು?" ಎಂದು ಕೇಳಿದರು.

ನನ್ನ ಕೈ ಬ್ಯಾಗಿನ ಜಿಪ್ಪಿನ ಮೇಲೆ ಹೋಯಿತು. ಅವರು ತಂದೆ, ಕೇಳುವ ಹಕ್ಕು ಅವರಿಗಿದೆ. ಕಾಗದ ತೆಗೆದುಕೊಟ್ಟರೆ ನನ್ನ ಭಾರ ಅಲ್ಲಿಗೇ ಇಳಿಯುತ್ತಿತ್ತು. ಆದರೆ ಅವಳನ್ನು ಕೇಳದೆ ಅದನ್ನು ಎರಡನೇ ಸಲ ತೆರೆದಂತಾಗುತ್ತಿತ್ತು.

"ಅದನ್ನು ಅವಳೇ ಹೇಳಬೇಕು. ನಾನು ಒಮ್ಮೆ ಹೇಳಿ ಕೆಟ್ಟಿದ್ದೇನೆ" ಎಂದೆ.

ಅವರು ಒತ್ತಾಯ ಮಾಡಲಿಲ್ಲ. ನಾನು ಹೊರಡುವಾಗ, ಪ್ರದರ್ಶನದ ದಿನ ತಾಯಿಯೂ ಬಂದರೆ ಮಗುವಿಗೆ ಸಂತೋಷವಾದೀತು ಎಂದೆ. "ಡ್ಯೂಟಿ ಚೇಂಜ್ ಸಿಕ್ಕಿದ್ರೆ ನೋಡುವ. ಇನ್ಷಾ ಅಲ್ಲಾಹ್" ಎಂದರು. ಆ ಮಾತನ್ನು ಇಲ್ಲಿ ನಾನು ಎಷ್ಟೋ ಸಲ ಆಗುವುದಿಲ್ಲ ಎಂಬ ಅರ್ಥದಲ್ಲಿ ಕೇಳಿದ್ದೇನೆ. ಅವರ ಮುಖ ನೋಡಿದರೆ ಹಾಗೆ ಕಾಣಲಿಲ್ಲ.

ಮರುದಿನ ಕ್ಲಾಸಿನ ಎದುರು ನಿಂತು ನಾನು ಕ್ಷಮೆ ಕೇಳಿದೆ. "ನೀವು ನನಗೆಂದು ಬರೆದದ್ದನ್ನು ನಿಮ್ಮನ್ನು ಕೇಳದೆ ಓದುವ ಹಕ್ಕು ನನಗಿಲ್ಲ. ನಾನು ಮಾಡಿದ್ದು ತಪ್ಪು. ನಫೀಸಾ, ಐ ಆಮ್ ಸಾರಿ." ಟೀಚರು ಹಾಗೆ ಹೇಳುವುದನ್ನು ಅವರು ನೋಡಿರಲಿಲ್ಲ, ಹೇಳುವುದು ನನಗೂ ಹೊಸತು. ಪೀರಿಯಡ್ ಮುಗಿದ ಮೇಲೆ ಕಾಗದವನ್ನು ಮಡಚಿ ಅವಳಿಗೆ ಹಿಂದಕ್ಕೆ ಕೊಟ್ಟೆ.

"ನೀನು ಬಾವಿಯನ್ನೇ ಕೇಳು ಮಗಾ. ಬಾವಿಯೂ ಒಳ್ಳೆಯದೇ."

"ಓಕೆ ಮಿಸ್" ಎಂದಳು. ಕಾಗದವನ್ನು ಜೇಬಿಗೆ ಹಾಕಿಕೊಂಡಳು. ಕೋಪವಿದೆಯೋ ಇಲ್ಲವೋ ಎಂದು ಆ ಮುಖದಿಂದ ತಿಳಿಯುವ ಹಾಗಿರಲಿಲ್ಲ.

ಅದಾದ ಮೇಲೆ ಮಿಸೆಸ್ ಕುರಿಯನ್ ಸ್ಕ್ರಿಪ್ಟ್ ಕೇಳಿದರು. ದಿವಾನರ ಭಾಷಣಕ್ಕೆ ಸಹಿ ಹಾಕಿದರು. ಅಹವಾಲುಗಳ ಪುಟಗಳ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದರು.

"ಇವು ಬೇಡ ಐರಿನ್. ಅತಿಥಿಗಳು ಬರುತ್ತಾರೆ, ಪೋಷಕರು ಬರುತ್ತಾರೆ. ವೇದಿಕೆಯ ಮೇಲೆ ಮಕ್ಕಳು ಸಾಲಾಗಿ ನಿಂತು ಅದು ಕೊಡಿ ಇದು ಕೊಡಿ ಎಂದರೆ ಚೆನ್ನಾಗಿರುವುದಿಲ್ಲ. ದಿವಾನರು ಮಾತಾಡಲಿ, ಇವರು ಕೈಮುಗಿಯಲಿ."

ಒಂದು ತಿಂಗಳ ಹಿಂದೆ ನಾನೂ ಇದನ್ನೇ ಅಂದುಕೊಂಡಿದ್ದೆ. ಈಗ ಬಾಯಿ ಬಿಡದೆ ಇರಲಾಗಲಿಲ್ಲ. "ಮೇಡಂ, ಹಾಗಾದರೆ ಅದು ಮೊದಲಿನ ದರ್ಬಾರೇ ಆಯಿತು. ಆ ದಿನ ಹೊಸತಾದದ್ದು ಒಂದೇ. ಬಂದವರಿಗೆ ಮಾತು ಕೊಟ್ಟದ್ದು. ಇವನ್ನು ತೆಗೆದರೆ ನಾನು ಮಕ್ಕಳಿಗೆ ಏನು ಕಲಿಸಿದ ಹಾಗಾಯಿತು?"

ಅವರ ದನಿ ಸಣ್ಣದಾಯಿತು. "ಹತ್ತು ಜನ. ಒಬ್ಬೊಬ್ಬರಿಗೆ ಎರಡು ವಾಕ್ಯ. 'ಬೇಕು' ಎನ್ನುವ ಕಡೆಯಲ್ಲೆಲ್ಲ 'ಪ್ರಾರ್ಥಿಸುತ್ತೇವೆ' ಎಂದಿರಲಿ. ಬರೆದದ್ದಕ್ಕಿಂತ ಒಂದು ಪದ ಆಚೀಚೆ ಆಗಬಾರದು. ಆದರೆ ಜವಾಬ್ದಾರಿ ನಿಮ್ಮದು" ಎಂದರು. ಕಣ್ಣಾಡಿಸಿ ಹತ್ತು ಕಾಗದಗಳನ್ನು ಅವರೇ ಆರಿಸಿದರು. ಅದರಲ್ಲಿ ನಫೀಸಾಳ ಬಾವಿಯೂ ಇತ್ತು. ಬಾವಿಯಿಂದ ಯಾರಿಗೂ ತೊಂದರೆಯಿಲ್ಲವಲ್ಲ.

ಪ್ರದರ್ಶನದ ದಿನ ಬೆಳಿಗ್ಗೆ ಆಡಿಟೋರಿಯಂ ತುಂಬಿತ್ತು. ಇಪ್ಪತ್ತೆಂಟು ರುಮಾಲು ಸುತ್ತಿ ನನ್ನ ಬೆರಳು ನೋಯುತ್ತಿದ್ದವು. ನಾನು ವೇದಿಕೆಯ ಪಕ್ಕದ ಪರದೆಯ ಹಿಂದೆ ನಿಂತು ಸಭಾಂಗಣ ನೋಡುತ್ತಿದ್ದೆ. ಮೊದಲ ಸಾಲಿನ ತುದಿಯಲ್ಲಿ ಮಿಸೆಸ್ ಕುರಿಯನ್ ಸ್ಕ್ರಿಪ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ನಾಲ್ಕನೇ ಸಾಲಿನಲ್ಲಿ ಇಬ್ರಾಹಿಂ, ಅವರ ಪಕ್ಕದಲ್ಲಿ ಒಂದು ಖಾಲಿ ಕುರ್ಚಿ. ಅದರ ಮೇಲೆ ಕೈ ಇಟ್ಟುಕೊಂಡು ಬಂದವರಿಗೆಲ್ಲ ಇಲ್ಲ ಎನ್ನುತ್ತಿದ್ದರು. ಅನನ್ಯಾ ಭಾಷಣ ಶುರು ಮಾಡಿದ ಮೇಲೆ ಹಿಂದಿನ ಬಾಗಿಲು ತೆರೆದು ಒಬ್ಬ ಹೆಂಗಸು ಓಡುವ ಹಾಗೆ ಒಳಗೆ ಬಂದರು. ಕಪ್ಪು ಅಬಾಯ, ಅದರ ಕೆಳಗೆ ನರ್ಸುಗಳ ಬಿಳಿ ಬೂಟು. ರಾತ್ರಿ ಡ್ಯೂಟಿ ಮುಗಿಸಿ ಮೊದಲ ಬಸ್ಸು ಹಿಡಿದು ಬಂದಿದ್ದರು. ಇಬ್ರಾಹಿಂ ಕುರ್ಚಿಯಿಂದ ಕೈ ತೆಗೆದರು.

ಅನನ್ಯಾಳ ಪೇಟ ಎರಡು ಸಲ ಹಣೆಗಿಳಿಯಿತು. ಎರಡು ಸಲವೂ ದಿವಾನರ ಗಾಂಭೀರ್ಯ ಬಿಡದೆ ಮೇಲೆ ತಳ್ಳಿಕೊಂಡಳು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಪ್ರತಿನಿಧಿಗಳು ಒಬ್ಬೊಬ್ಬರಾಗಿ ಎದ್ದರು. ಡೋಲಿ ಕೇಳಿದವಳಿಗೆ ಸಭೆ ನಕ್ಕಿತು. ಪ್ರತಿಯೊಬ್ಬರಿಗೂ ದಿವಾನರು, "ನಿಮ್ಮ ಅಹವಾಲನ್ನು ಸರ್ಕಾರ ಗಮನಿಸಿದೆ" ಎಂದು ಉತ್ತರ ಕೊಡಬೇಕಿತ್ತು, ಕೊಟ್ಟಳು. ಎಂಟನೆಯವಳಾಗಿ ನಫೀಸಾ ಎದ್ದು ನಿಂತಳು.

ಬಾವಿಯ ಮಾತು ನನಗೆ ಬಾಯಿಪಾಠವಾಗಿತ್ತು. ಅವಳಿಗಿಂತ ಮೊದಲು ನನ್ನ ತುಟಿ ಅಲ್ಲಾಡಿತು. ಆದರೆ ಅವಳ ಬಾಯಿಂದ ಬಂದದ್ದು ಇಂಗ್ಲಿಷ್ ಅಲ್ಲ. ಕನ್ನಡವೂ ಅಲ್ಲ. ಅವಳು ಬ್ಯಾರಿಯಲ್ಲಿ ಮಾತಾಡುತ್ತಿದ್ದಳು. ಮನೆಯ ಮಾತು. ಶಾಲೆಯಲ್ಲಿ ಅವಳ ಬಾಯಿಂದ ಅದನ್ನು ನಾನು ಯಾವತ್ತೂ ಕೇಳಿರಲಿಲ್ಲ. ನಮ್ಮ ಊರಿನ ನೆರೆಮನೆಯಲ್ಲಿ ಬ್ಯಾರಿಗಳಿದ್ದುದರಿಂದ ನನಗೆ ಅರ್ಧ ತಿಳಿಯುತ್ತದೆ. ಗಾಡಿ ಎಂದಳು, ಉಮ್ಮ ಎಂದಳು, ಅಂದರೆ ಅಮ್ಮ; ಉರಕ್ಕ ಎಂದಳು, ಅಂದರೆ ನಿದ್ದೆ. ಎರಡು ವಾಕ್ಯದ ಮಿತಿ ಎಲ್ಲಿಯೋ ದಾಟಿ ಹೋಗಿತ್ತು. ಅವಳ ದನಿ ಏರಲಿಲ್ಲ, ಅವಳು ಅಳಲೂ ಇಲ್ಲ. ದಿವಾನರನ್ನು ನೋಡಿ ಮಾತಾಡಬೇಕೆಂದು ಕಲಿಸಿದ್ದೆ. ಅವಳು ನಾಲ್ಕನೇ ಸಾಲನ್ನು ನೋಡಿ ಮಾತಾಡುತ್ತಿದ್ದಳು. ಅವಳ ಕ್ಲಾಸಿನ ಹುಡುಗಿಯರಿಗೆ ಅದು ಅರ್ಥವಾಗುವಂತಿಲ್ಲ ಎಂದೇ ಆಗ ನಾನು ತಿಳಿದೆ. ಇಡೀ ಸಭೆಯ ಎದುರು ನಿಂತು, ತನಗೆ ಬೇಕಾದ ಇಬ್ಬರಿಗೆ ಮಾತ್ರ ಕೇಳಿಸುವ ಹಾಗೆ ಹೇಳುವ ದಾರಿಯನ್ನು ಆ ಮಗು ತಾನೇ ಹುಡುಕಿಕೊಂಡಿತ್ತು.

ಮಾತು ಮುಗಿಯಿತು. ದಿವಾನರಿಗೆ ಏನೂ ತಿಳಿದಿರಲಿಲ್ಲ. ಅನನ್ಯಾ ಬುದ್ಧಿವಂತೆ, ಬರೆದುಕೊಟ್ಟ ಉತ್ತರವನ್ನು ಹೇಳಿ ಮುಗಿಸಬಹುದಿತ್ತು. ಅವಳು ಹೇಳಲಿಲ್ಲ. ಪೇಟ ಸರಿಮಾಡಿಕೊಂಡು, ನಿಜವಾಗಿ ತಿಳಿಯಬೇಕೆಂಬ ಮುಖದಲ್ಲಿ, "ಮಾನ್ಯ ಪ್ರತಿನಿಧಿಗಳು ದಯವಿಟ್ಟು ಇನ್ನೊಮ್ಮೆ ಹೇಳಬಹುದೇ?" ಎಂದು ಇಂಗ್ಲಿಷಿನಲ್ಲಿ ಕೇಳಿದಳು.

"ಬೇಡ ಸರ್. ಕೇಳಬೇಕಾದವರಿಗೆ ಕೇಳಿಸಿದೆ" ಎಂದಳು ನಫೀಸಾ, ಇಂಗ್ಲಿಷಿನಲ್ಲೇ. ಕೈಮುಗಿದು ಕೂತಳು.

ನಾಲ್ಕನೇ ಸಾಲಿನಲ್ಲಿ ಅವಳ ತಾಯಿ ಎದ್ದು ನಿಂತಿದ್ದರು. ಎದ್ದದ್ದು ಅವರಿಗೇ ಗೊತ್ತಿರಲಿಲ್ಲವೆಂದು ತೋರುತ್ತದೆ. ಹಿಂದಿನವರು ಏನೋ ಹೇಳಿದ ಮೇಲೆ ಇಬ್ರಾಹಿಂ ಅವರ ಕೈ ಹಿಡಿದು ಕೂರಿಸಿದರು. ನಾನು ಮಿಸೆಸ್ ಕುರಿಯನ್ ಕಡೆ ನೋಡಿದೆ. ಸ್ಕ್ರಿಪ್ಟ್ ಅವರ ತೊಡೆಯಿಂದ ನೆಲಕ್ಕೆ ಬಿದ್ದಿತ್ತು, ಅವರು ಬಗ್ಗಿ ಎತ್ತಿಕೊಳ್ಳಲಿಲ್ಲ. ಬ್ಯಾರಿ ಮಾತಿಗೆ ಮಲಯಾಳ ಎಷ್ಟು ಹತ್ತಿರ ಎಂಬುದು ನನಗೆ ಆಗ ನೆನಪಾಯಿತು.

ಎಲ್ಲ ಮುಗಿದು ರುಮಾಲುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಾಗ ಅವರು ಪರದೆಯ ಹಿಂದೆ ಬಂದರು.

"ಐರಿನ್, ಬಾವಿ ಎಲ್ಲಿ ಹೋಯಿತು?"

"ನನಗೂ ಗೊತ್ತಿಲ್ಲ ಮೇಡಂ. ಜವಾಬ್ದಾರಿ ನನ್ನದು ಎಂದು ಹೇಳಿದ್ದಿರಿ."

"ಹೇಳಿದ್ದೆ." ಅವರು ಒಂದು ರುಮಾಲನ್ನು ಎತ್ತಿಕೊಂಡು ಸುತ್ತತೊಡಗಿದರು. "ನನ್ನ ಇಬ್ಬರು ಮಕ್ಕಳು ಕೊಟ್ಟಾಯಂನಲ್ಲಿ ನನ್ನ ಅಕ್ಕನ ಮನೆಯಲ್ಲಿ ಬೆಳೆದರು. ಈಗ ದೊಡ್ಡವರಾಗಿದ್ದಾರೆ, ಒಳ್ಳೆಯ ಕೆಲಸದಲ್ಲಿದ್ದಾರೆ. ಫೋನ್ ಮಾಡಿದಾಗೆಲ್ಲ ಚೆನ್ನಾಗಿದ್ದೇವೆ ಎನ್ನುತ್ತಿದ್ದರು. ನಾನು ಇನ್ನೊಮ್ಮೆ ಕೇಳಲಿಲ್ಲ." ಸುತ್ತಿದ ರುಮಾಲನ್ನು ಪೆಟ್ಟಿಗೆಯಲ್ಲಿಟ್ಟು ಹೊರಟುಹೋದರು. ಸ್ಕ್ರಿಪ್ಟಿನ ಮಾತು ಆಮೇಲೆ ಅವರು ಯಾವತ್ತೂ ಎತ್ತಲಿಲ್ಲ.

ಆ ದಿನ ಮೂವರೂ ಶಾಲೆಯ ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಬಹಳ ಹೊತ್ತು ನಿಂತಿದ್ದರು. ತಾಯಿ ಮಗಳ ತಲೆಯ ಮೇಲಿದ್ದ ರುಮಾಲನ್ನು ಬಿಚ್ಚುತ್ತಿದ್ದರು, ಮಗಳು ಮಾತಾಡುತ್ತಿದ್ದಳು. ಏನು ಮಾತೆಂದು ನನಗೆ ತಿಳಿಯದು. ಅಷ್ಟು ಉದ್ದಕ್ಕೆ ಅವಳು ಮಾತಾಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಹತ್ತಿರ ಹೋಗಬೇಕೆನಿಸಿತು, ಹೋಗಲಿಲ್ಲ.

ನಾಟಕದಿಂದ ಸಂಸಾರ ಮರುದಿನವೇ ಸರಿಹೋಗುವುದಿಲ್ಲ. ತಾಯಿಗೆ ಅಬುಧಾಬಿಗೆ ವರ್ಗ ಸಿಗಲಿಲ್ಲ. ಕೇಳಿದರು, ಜಾಗವಿಲ್ಲ ಎಂದರು. ಇಬ್ರಾಹಿಂ ತಮ್ಮ ಯಜಮಾನರ ಅಲ್ ಐನ್ ಅಂಗಡಿಗೆ ಹೋಗುತ್ತೇನೆಂದು ಕೇಳಿಕೊಂಡರು. ಅದು ಚಿಕ್ಕ ಅಂಗಡಿ, ಹಮ್ದಾನ್ ಸ್ಟ್ರೀಟಿನ ಗಿರಾಕಿಗಳನ್ನು ಕಂಡವರು ಹೋಗುವ ಜಾಗವಲ್ಲ. ಯಜಮಾನರು ಮೂರು ತಿಂಗಳು ಸತಾಯಿಸಿ ಒಪ್ಪಿದರು. ಮಾರ್ಚಿನಲ್ಲಿ ಪರೀಕ್ಷೆ ಮುಗಿದ ವಾರ, ತಾಯಿ ನಫೀಸಾಳನ್ನು ಕರೆದುಕೊಂಡು ಟಿ.ಸಿ. ತೆಗೆದುಕೊಳ್ಳಲು ಆಫೀಸಿಗೆ ಬಂದರು. ಹೆಸರು ಝೊಹರಾ ಎಂದು ಅಂದು ತಿಳಿಯಿತು. ಅಷ್ಟು ದಿನ ನನಗೆ ಅವರು ನಫೀಸಾಳ ತಾಯಿ ಮಾತ್ರ.

ಅವಳು ಹೋಗುವುದು ನನಗೆ ನಷ್ಟವೂ ಆಗಿತ್ತು. ಬಾಯಿ ತೆರೆದ ಮೇಲೆ ಆ ಹುಡುಗಿ ದಿನಾ ಒಂದು ಪ್ರಶ್ನೆ ಕೇಳುತ್ತಿದ್ದಳು. ಒಂಬತ್ತನೇ ಕ್ಲಾಸಿನಲ್ಲಿ ಅವಳಿಗೆ ಕಲಿಸುವ ಆಸೆಯಿಂದ ಫ್ರೆಂಚ್ ಕ್ರಾಂತಿಯ ಪಾಠವನ್ನು ಪೂರ್ತಿ ಹೊಸದಾಗಿ ಬರೆದಿಟ್ಟಿದ್ದೆ.

ಕ್ಲಾರ್ಕು ಕಂಪ್ಯೂಟರಿನಲ್ಲಿ ತುಂಬುತ್ತ ಹೋದ. ಹೆಸರು, ತರಗತಿ, ನಡತೆ. 'ಶಾಲೆ ಬಿಡಲು ಕಾರಣ' ಎಂಬಲ್ಲಿ ನಿಂತು, "ಫಾದರ್ಸ್ ಟ್ರಾನ್ಸ್‌ಫರ್ ಅಂತ ಹಾಕಲಾ?" ಎಂದು ಕೇಳಿದ. ನಾನು ಆಗಲಿ ಎನ್ನುವುದರಲ್ಲಿದ್ದೆ. ಒಳಗಿನ ಕೋಣೆಯಿಂದ ಮಿಸೆಸ್ ಕುರಿಯನ್ ಹೊರಗೆ ಬಂದರು.

"ಬೇಡ" ಎಂದರು, ಬಹಳ ಸಣ್ಣ ದನಿಯಲ್ಲಿ. "ತಾಯಿಯ ಜೊತೆ ಇರಲು ಎಂದು ಹಾಕಿ."

"ಮೇಡಂ, ಲಿಸ್ಟಿನಲ್ಲಿ ಅಂಥ ಕಾರಣ ಇಲ್ಲ."

"'ಇತರೆ' ಎಂದು ಒಂದಿದೆಯಲ್ಲ, ಅದನ್ನು ಒತ್ತಿ. ಒತ್ತಿದಿರಾ? ಈಗ ಅಲ್ಲಿ ಟೈಪ್ ಮಾಡಿ. ತಾಯಿಯ ಜೊತೆ ಇರಲು."

ಪ್ರಿಂಟರಿನಿಂದ ಕಾಗದ ಹೊರಗೆ ಬಂತು. ಮಿಸೆಸ್ ಕುರಿಯನ್ ಸಹಿ ಮಾಡಿ, ಮೊಹರು ಒತ್ತಿಸಿ, ನಫೀಸಾಳ ಕೆನ್ನೆಯನ್ನು ಎರಡು ಬೆರಳಿನಿಂದ ಮುಟ್ಟಿ ಒಳಗೆ ಹೋದರು. ಝೊಹರಾ ಕೌಂಟರಿನ ಪಕ್ಕ ನಿಂತೇ ಅದನ್ನು ಮೇಲಿನಿಂದ ಕೆಳಗಿನ ತನಕ ಓದಿದರು. ಒಂದು ಸಾಲಿನ ಹತ್ತಿರ ಬಹಳ ಹೊತ್ತು ನಿಂತರು. ಆಮೇಲೆ ನನ್ನ ಕಡೆ ತಿರುಗಿದರು.

"ಟೀಚರೇ, ಇದರದ್ದು ಇನ್ನೊಂದು ಕಾಪಿ ಸಿಗಬಹುದಾ?"

"ಹೊಸ ಶಾಲೆಗೆ ಒಂದೇ ಸಾಕು, ಅವರು ಒರಿಜಿನಲ್ ಮಾತ್ರ ಕೇಳುತ್ತಾರೆ" ಎಂದೆ.

"ಶಾಲೆಗೆ ಅಲ್ಲ" ಎಂದರು ಝೊಹರಾ. "ನಂಗೆ ಇಟ್ಕೊಳ್ಳಿಕ್ಕೆ."